ಬುರಾನಸಾಬನ ತೋಳು, ನನ್ನ ಸಹಿ

ಗಾಯಗೊಂಡ ಕಾರ್ಮಿಕರ ಚಿಕಿತ್ಸಾ ನೆರವಿನ ಅರ್ಜಿಗಳನ್ನು ವಿಲೇವಾರಿ ಮಾಡುವ ಮಾನ್ಯ ಅಧಿಕಾರಿಗಳೇ,

ಸಂಗೊಳ್ಳಿಯ ಹಮಾಲ ಬುರಾನಸಾಬನಿಗೆ ನೀವು ಕಳಿಸಿದ ಪತ್ರ ನನ್ನ ಎದುರಿಗಿದೆ. "ಮೊಬೈಲ್ ಮೂಲಕ ಮಾಡಿದ ವ್ಯಾಯಾಮವನ್ನು ಚಿಕಿತ್ಸೆ ಎಂದು ಪರಿಗಣಿಸಲು ಬರುವುದಿಲ್ಲ. ತೋಳು ಮತ್ತೆ ಹದಗೆಟ್ಟಿರುವುದೇ ಅದು ನಿಷ್ಪ್ರಯೋಜಕ ಎಂಬುದಕ್ಕೆ ಸಾಕ್ಷಿ. ಇನ್ನು ಮುಂದೆ ವಾರಕ್ಕೆ ಎರಡು ಸಲ ಬೆಳಗಾವಿಗೆ ಖುದ್ದು ಹಾಜರಾಗಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ನೆರವು ನಿಲ್ಲಿಸಲಾಗುವುದು" ಎಂದು ಬರೆದಿದ್ದೀರಿ. ಆಧಾರಕ್ಕೆ ಅವನ ಗ್ಯಾಂಗಿನ ಮುಕಾದಮನ ಹೇಳಿಕೆಯನ್ನು ಲಗತ್ತಿಸಿದ್ದೀರಿ. ಆ ಗ್ಯಾಂಗು ನಡೆಸುವ ಮುಕಾದಮ ನಾನೇ. ನಿಮ್ಮನ್ನು ಬೈಯಬೇಕೆಂದು ಪೆನ್ನು ಹಿಡಿದವನು ಮೊದಲು ನನ್ನ ಮುಖಕ್ಕೆ ನಾನೇ ಉಗುಳಿಕೊಳ್ಳಬೇಕಾಗಿದೆ.

ಬುರಾನಸಾಬ ಬೈಲಹೊಂಗಲದ ಕಾಳಿನ ಪೇಟೆಯಲ್ಲಿ ನನ್ನ ಜೊತೆ ಹತ್ತೊಂಬತ್ತು ವರ್ಷ ಚೀಲ ಹೊತ್ತವನು. ಕಡಲೆ ಸುಗ್ಗಿಯಲ್ಲಿ ಲಾರಿಗೆ ಹಾಕಿದ ಹಲಗೆ ಜಾರಿ, ಬೆನ್ನ ಮೇಲಿನ ಚೀಲದ ಸಮೇತ ಬಲಭುಜದ ಮೇಲೆ ಬಿದ್ದ. ಎಲುಬು ಮುರಿದಿರಲಿಲ್ಲ, ಒಳಗೆ ಸ್ನಾಯು ಹರಿದಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡಿಸುವ ಶೈಲಜಾ ಎಂಬ ಬಾಯಾರು ಅವನ ತೋಳನ್ನು ಕೈಯಾರೆ ಹಿಡಿದು ನೋಡಿ, ಮೂರು ತಿಂಗಳು ದಿನಾ ವ್ಯಾಯಾಮ ಮಾಡಿದರೆ ಚೀಲ ಹೊರುವ ತೋಳು ವಾಪಸ್ ಬರುತ್ತದೆ ಎಂದರು.

ಮಾನ್ಯರೇ, ಸಂಗೊಳ್ಳಿಯಿಂದ ಬೆಳಗಾವಿಗೆ ನೀವು ಬಸ್ಸಿನಲ್ಲಿ ಹೋಗಿದ್ದೀರಾ? ಬೈಲಹೊಂಗಲದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಕೂರಲು ಸೀಟು ಸಿಗುವುದು ಪುಣ್ಯವಂತರಿಗೆ. ಉಳಿದವರು ಮೇಲಿನ ಕಂಬಿ ಹಿಡಿದು ನಿಲ್ಲಬೇಕು. ಯಾವ ತೋಳು ಮೇಲೇಳುವುದಿಲ್ಲವೆಂದು ಅವನು ಆಸ್ಪತ್ರೆಗೆ ಹೊರಟಿದ್ದನೋ ಅದೇ ತೋಳನ್ನು ಎತ್ತಿ ಕಂಬಿ ಹಿಡಿದರೆ ಮಾತ್ರ ಆಸ್ಪತ್ರೆ ಮುಟ್ಟಬಹುದು ಎಂಬ ವ್ಯವಸ್ಥೆ ಯಾರ ಬುದ್ಧಿವಂತಿಕೆಯೋ ನನಗೆ ತಿಳಿಯದು. ಎಡಗೈಯಲ್ಲಿ ಕಂಬಿ ಹಿಡಿದರೆ ಬಲಭುಜಕ್ಕೆ ಮಂದಿಯ ಗುದ್ದು. ಮೂರು ವಾರ ಹಾಗೇ ಓಡಾಡಿದ. ಇಪ್ಪತ್ತು ನಿಮಿಷದ ವ್ಯಾಯಾಮಕ್ಕೆ ಇಡೀ ದಿನ ಹೋಗುತ್ತಿತ್ತು, ಮನೆಗೆ ಬರುವಾಗ ನೋವು ಹೋದಾಗಿನದಕ್ಕಿಂತ ಹೆಚ್ಚಾಗಿರುತ್ತಿತ್ತು.

ಇದನ್ನು ನೋಡಿದ ಶೈಲಜಾ ಬಾಯಾರೇ, ಇನ್ನು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು, ಉಳಿದದ್ದನ್ನು ವಿಡಿಯೋ ಕಾಲ್‌ನಲ್ಲಿ ಮಾಡಿಸುತ್ತೇನೆ ಎಂದರು. ಬುರಾನಸಾಬನ ಹೆಂಡತಿ ನೂರಬಿ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ನಿಲ್ಲಿಸಿದಳು. ಅವನು ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿಯವರೆಗೆ ಹತ್ತಿದವೋ ಅಲ್ಲಿ ನೂರಬಿ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಆಸ್ಪತ್ರೆಯ ಕೋಣೆಯಲ್ಲಿ ಕಾಣದ್ದು ಆ ಮೊಬೈಲ್‌ನಲ್ಲಿ ಕಂಡಿತು. "ಆ ಮೂಲ್ಯಾಗಿನ ಕೊಡಾ ಯಾರು ಎತ್ತತಾರ?" ಎಂದು ಬಾಯಾರು ಒಂದು ದಿನ ಕೇಳಿದರಂತೆ. ಅವನೇ ದಿನಾ ಬಲಗೈಯಲ್ಲಿ ಎತ್ತುತ್ತಿದ್ದ. ಅಂದಿನಿಂದ ಕೊಡ ನಿಂತಿತು. ಹಾಸಿಗೆ ತೋರಿಸಲು ಹೇಳಿ, ಮಲಗುವ ಮಗ್ಗುಲನ್ನೂ ಬದಲಿಸಿದರು. ನೆಟ್‌ವರ್ಕ್ ಕೈಕೊಟ್ಟ ದಿನ ನೂರಬಿ ಮೊಬೈಲ್ ಹಿಡಿದು ಅಂಗಳಕ್ಕೆ ಓಡುತ್ತಿದ್ದಳು, ಹಿಂದಿನಿಂದ ಇವನು. ಆದರೂ ಒಂದು ದಿನ ತಪ್ಪಲಿಲ್ಲ. ಐದು ವಾರದಲ್ಲಿ ಎದೆಮಟ್ಟದಲ್ಲಿದ್ದ ಗೆರೆ ಕಿವಿಯ ಮಟ್ಟ ದಾಟಿತು.

ಅದೇ ಹೊತ್ತಿಗೆ ನಾನು ಅವನನ್ನು ಮಾತಾಡಿಸಲು ಹೋಗಿದ್ದೆ. ಮೊಬೈಲ್ ಮುಂದೆ ನಿಂತು ಗೋಡೆ ತಡವುತ್ತಿದ್ದ ಅವನನ್ನು ನೋಡಿ ಹೊಟ್ಟೆ ಹಿಡಿದು ನಕ್ಕೆ.

"ಕೈ ಹಚ್ಚಲಾರದ ಡಾಕ್ಟರ್ ಎಂಥಾ ಡಾಕ್ಟರೋ ಮಾರಾಯಾ? ಟಿವ್ಯಾಗ ಹೋಳಿಗಿ ನೋಡಿದ್ರ ಹೊಟ್ಟಿ ತುಂಬತೈತೇನ?"

"ಅಣ್ಣಾರ, ನಗಬ್ಯಾಡ್ರಿ," ಎಂದಳು ನೂರಬಿ. "ಇದು ಮೊದಲಿನ ಗೆರಿ, ಇದು ಇವತ್ತಿಂದು. ನೀವ ನೋಡ್ರಿ."

ನಾನು ಗೋಡೆ ನೋಡಲಿಲ್ಲ. ಚಹಾ ಕುಡಿದು ಬಂದೆ.

ಮರುವಾರ ನಿಮ್ಮ ಕಚೇರಿಯವರೊಬ್ಬರು ಪೇಟೆಗೆ ಬಂದು, ಅವನು ಚಿಕಿತ್ಸೆ ಪಡೆಯುತ್ತಿದ್ದಾನೋ ಎಂದು ಕೇಳಿದರು. ಹತ್ತು ಮಂದಿ ಹಮಾಲರ ಎದುರು ಮುಕಾದಮನಿಗೆ ಮಾತಿನ ಚಪಲ ಜಾಸ್ತಿ. "ಎಲ್ಲಿ ಚಿಕಿತ್ಸಾರಿ ಸಾಹೇಬ್ರ, ಮನ್ಯಾಗ ಮೊಬೈಲ್ ಮುಂದ ಕೈ ಆಡಿಸಿಕೋತ ನಿಂತಾನ" ಎಂದೆ. ಎಲ್ಲರೂ ನಕ್ಕರು. ಅವರು ಅದನ್ನೇ ಬರೆದುಕೊಂಡು ಸಹಿ ಕೇಳಿದರು, ಹಾಕಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಗುಟ್ಟಾಗಿ ಬಂದು ನಿಮ್ಮ ಕಾಲು ಹಿಡಿಯುತ್ತಿದ್ದೆ.

ನಮ್ಮ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಗಾಯವಾಗಿ ಮನೆಯಲ್ಲಿದ್ದವನು ವಾಪಸ್ ಬಂದರೆ ಎಲ್ಲರ ಎದುರು ತುಂಬಿದ ಒಂದು ಚೀಲವನ್ನು ತೂಕದ ಕಾಟಾದಿಂದ ಲಾರಿಯವರೆಗೆ ಹೊತ್ತು ತೋರಿಸಬೇಕು. ದಾಟಿಸಿದರೆ ಚೀಲ ಹೊರುವ ಅವನ ಪಾಳಿ ಅವನಿಗೆ. ನಡುದಾರಿಯಲ್ಲಿ ಇಳಿಸಿದರೆ ಪಾಳಿ ಹೋಯಿತು, ಮುಂದೆ ಚೆಲ್ಲಿದ ಕಾಳು ಬಳಿಯುವ ಕೆಲಸ. ನನ್ನಪ್ಪನೂ ಇದೇ ಚೀಲ ದಾಟಿಸಿದವನು, ನಾನೂ ದಾಟಿಸಿದವನು. ಇದು ನಮಗೆ ಡಾಕ್ಟರ ಸರ್ಟಿಫಿಕೇಟಿಗಿಂತ ದೊಡ್ಡದಾಗಿತ್ತು.

ನಿಮ್ಮವರು ಬಂದುಹೋದ ನಾಲ್ಕನೆಯ ದಿನ ನಾನೇ ಬುರಾನಸಾಬನನ್ನು ಕರೆಸಿದೆ. ಸುಗ್ಗಿಯ ಜೋರು, ಒಬ್ಬ ಕಡಿಮೆ ಇದ್ದಾನೆಂದು ಗ್ಯಾಂಗು ಗೊಣಗುತ್ತಿತ್ತು.

"ಗಂಗಯ್ಯಾರ, ಬಾಯಾರು ಇನ್ನೂ ಆರು ವಾರ ಭಾರ ಮುಟ್ಟಬ್ಯಾಡ ಅಂದಾರ್ರಿ," ಎಂದ.

"ಬಾಯಾರು ಮೊಬೈಲ್‌ನ್ಯಾಗ ಅದಾರ. ಚೀಲ ಇಲ್ಲಿ ಐತಿ," ಎಂದೆ.

ಅವನು ಬೆನ್ನು ಬಗ್ಗಿಸಿದ. ಚೀಲ ಏರಿಸಿದ ಕೈಗಳಲ್ಲಿ ಒಂದು ಜೊತೆ ನನ್ನದೇ. ಅರ್ಧ ದಾರಿಯಲ್ಲಿ ಅವನ ಬಾಯಿಂದ ಒಂದು ಸಣ್ಣ ಸದ್ದು ಬಂತು, ನನಗೆ ಕೇಳಿಸಿತು. ಇಳಿಸು ಎನ್ನುವ ಅಧಿಕಾರ ಅಲ್ಲಿ ನನಗೊಬ್ಬನಿಗೇ ಇತ್ತು. ಎನ್ನಲಿಲ್ಲ. ಪಾಳಿ ಹೋದೀತೆಂಬ ಹೆದರಿಕೆಯಲ್ಲಿ ಅವನೂ ಇಳಿಸಲಿಲ್ಲ. ಲಾರಿಗೆ ಮುಟ್ಟಿಸಿದ ಮೇಲೆ ಬಲಗೈಯಿಂದ ಹಣೆಯ ಬೆವರು ಒರೆಸಿಕೊಳ್ಳಲು ಹೋದ, ಕೈ ಏಳಲೇ ಇಲ್ಲ.

ಅಂದು ಅವನ ಮನೆಯವರೆಗೆ ಹೋದೆ. ಏನಾಯಿತೆಂದು ಶೈಲಜಾ ಬಾಯಾರು ಮೊಬೈಲ್‌ನಲ್ಲಿ ಕೇಳುತ್ತಿದ್ದರು. ನಾನು ಪಕ್ಕದಲ್ಲೇ, ಅವರಿಗೆ ಕಾಣದ ಹಾಗೆ ನಿಂತಿದ್ದೆ. "ಬಚ್ಚಲದಾಗ ಜಾರಿ ಬಿದ್ನಿರಿ" ಎಂದ ಬುರಾನಸಾಬ. ನನ್ನ ಹೆಸರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನೂರಬಿ ಎಳೆದ ಹೊಸ ಗೆರೆ ಎಲ್ಲಕ್ಕಿಂತ ಮೊದಲಿನ ಗೆರೆಗಿಂತಲೂ ಕೆಳಗೆ ಬಂತು. ಆ ಗೋಡೆಯನ್ನು ನಾನು ಕಣ್ಣಿಟ್ಟು ನೋಡಿದ್ದು ಅವತ್ತೇ. ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಇನ್ನೊಬ್ಬನ ತೋಳು ಕೆಟ್ಟ ಮೇಲೆ.

ಈಗ ಹೇಳಿ ಮಾನ್ಯರೇ, ಆಸ್ಪತ್ರೆಯ ತಿಂಗಳ ವರದಿಯಲ್ಲಿ ನೀವು ಓದಿದ ಹಾಗೆ ಆ ತೋಳು ಮತ್ತೆ ಹದಗೆಟ್ಟದ್ದು ಯಾವುದಕ್ಕೆ ಸಾಕ್ಷಿ? ಮೊಬೈಲ್ ಕೆಡಿಸಲಿಲ್ಲ, ಮುಕಾದಮ ಕೆಡಿಸಿದ. ನೀವು ಶಿಕ್ಷೆ ಕೊಡುತ್ತಿರುವುದು ಬುರಾನಸಾಬನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಜಿಲ್ಲೆಯ ಮೇಲಧಿಕಾರಿಗಳ ಸಭೆಗೆ ನೀವು ಕುರ್ಚಿ ಬಿಟ್ಟೇಳದೆ ಪರದೆಯ ಮುಂದೆ ಹಾಜರಾಗುತ್ತೀರೆಂದು ಕೇಳಿದ್ದೇನೆ. ಅಲ್ಲಿ ನೀವು ಆಡಿದ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ. ಪರದೆಯ ಮುಂದೆ ನೀವು ಕುಳಿತರೆ ಹಾಜರಿ, ನಮ್ಮವನು ತೋಳೆತ್ತಿದರೆ ನಾಟಕವೇ? ಎಲ್ಲವೂ ಮೊಬೈಲ್‌ನಲ್ಲೇ ಆಗಲಿ ಎಂದು ನಾನು ವಾದಿಸುವುದಿಲ್ಲ. ಮೊದಲ ಸಲ ಕೈಯಿಂದ ಮುಟ್ಟಿ ನೋಡಬೇಕು, ತಿಂಗಳಿಗೊಮ್ಮೆ ನೋಡಬೇಕು, ಅದನ್ನು ಆ ಬಾಯಾರೇ ಹೇಳುತ್ತಾರೆ. ಆದರೆ ದಿನಾ ತಪ್ಪದೆ ಮಾಡುವ ವ್ಯಾಯಾಮ ಸಂಗೊಳ್ಳಿಯ ಗೋಡೆಯ ಮೇಲೇ ಆಗುತ್ತದೆ. ರಾಮದುರ್ಗದಲ್ಲಿ ಮಗ್ಗದ ಮುಂದೆ ಸೊಂಟ ಹಿಡಿದವರೂ ಸವದತ್ತಿಯ ಕಡೆ ಕಲ್ಲು ಒಡೆದು ಮೊಣಕೈ ಕಳೆದುಕೊಂಡವರೂ ನಿಮ್ಮ ಮುದ್ರೆಗಾಗಿ ಬಸ್ಸಿನ ಕಂಬಿ ಹಿಡಿದು ಜೋತಾಡುವುದು ಯಾವ ಚಿಕಿತ್ಸೆ?

ಚೀಲ ಹೊರಿಸಿ ನೋಡುವ ಪದ್ಧತಿಯನ್ನು ನಮ್ಮ ಗ್ಯಾಂಗು ನಿಲ್ಲಿಸಿದೆ. ಬುರಾನಸಾಬನ ಪಾಳಿ ಅವನಿಗೇ ಇದೆ. ವ್ಯಾಯಾಮ ಮತ್ತೆ ಮೊದಲಿನಿಂದ ಶುರುವಾಗಿದೆ. ವಾರಕ್ಕೆ ಮೂರು ದಿನ ನಾನು ಪೇಟೆಗೆ ಹೋಗುವ ಮೊದಲು ಅವನ ಮನೆಗೆ ಹೋಗಿ ಮೊಬೈಲ್ ಹಿಡಿದು ನಿಲ್ಲುತ್ತೇನೆ. ಕಳೆದ ಬುಧವಾರ ಗೋಡೆಯ ಗೆರೆ ತೋರಿಸಲು ಹೋಗಿ ಚಿತ್ರ ಅಲುಗಾಡಿಸಿದೆ. "ಫೋನ್ ಹಿಡಿದವರು ಯಾರ್ರೀ?" ಎಂದು ಬಾಯಾರು ಕೇಳಿದರು.

"ನಮ್ಮ ಮುಕಾದಮರ್ರಿ," ಎಂದ ಬುರಾನಸಾಬ. "ಭಾಳ ಒಳ್ಳೇವರದಾರ್ರಿ."

ಮಾನ್ಯರೇ, ಆ ಮಾತು ಕೇಳಿ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಾರಿಗೆ ಅಂದೇ ನಿಜ ಹೇಳಿದೆ. ಈಗ ನಿಮಗೂ, ಓದುವ ಎಲ್ಲರಿಗೂ ಹೇಳುತ್ತಿದ್ದೇನೆ.

ಕಡತದಿಂದ ನನ್ನ ಆ ಹೇಳಿಕೆಯನ್ನು ತೆಗೆದು ಈ ಪತ್ರವನ್ನು ಇಡಿ. ಮೊಬೈಲ್‌ನಲ್ಲಿ ಮಾಡಿಸಿದ ವ್ಯಾಯಾಮಕ್ಕೆ ಅದನ್ನು ಮಾಡಿಸಿದವರ ಬರಹವೇ ಸಾಕು ಎಂದು ಆದೇಶ ಹೊರಡಿಸಿ. ಬುರಾನಸಾಬನ ನೆರವು ಒಂದು ದಿನವೂ ನಿಲ್ಲಬಾರದು. ಖುದ್ದು ಹಾಜರಾತಿಯ ಹಟ ಬಿಡಲಾಗದಿದ್ದರೆ ನೀವೇ ಒಮ್ಮೆ ಸಂಗೊಳ್ಳಿಗೆ ಖುದ್ದು ಹಾಜರಾಗಿ ಆ ಗೋಡೆ ನೋಡಿ. ಚೀಲ ಹೊರುವ ಮೊದಲು ಅವನು ಹತ್ತಿದ್ದ ಗೆರೆ ಮುಟ್ಟಲು ಇನ್ನೂ ಒಂದು ಗೇಣು ಬಾಕಿ ಇದೆ. ಆ ಗೇಣು ನನ್ನದು.

ಇಂತಿ,
ಗೋಡೆ ನೋಡದೆ ಸಹಿ ಹಾಕಿದ,
ಗಂಗಯ್ಯ, ಹಮಾಲರ ಮುಕಾದಮ
ಬೈಲಹೊಂಗಲ