ಸೊಸೆ ನೆಟ್ಟ ಮುಳ್ಳುಗಿಡ

ಮ್ತುಂಜಿನಿ,
13 ಫೆಬ್ರವರಿ 1983

ನನ್ನ ಭೇಕಿಜಿತಾ,

ಹೇಗಿದ್ದೀಯಪ್ಪ? ಗಣಿಯ ದೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಮಗನಿಗೆ ಐದು ತಿಂಗಳು ತುಂಬಿತು. ಅತ್ತರೆ ಬೀದಿಗೆಲ್ಲ ಕೇಳುತ್ತದೆ. ಮಳೆಯಿಲ್ಲ, ಜೋಳ ನಿಂತಲ್ಲೇ ಒಣಗಿತು. 'ಶತ್ರುಗಳ ಮೇಲೆ ಕಣ್ಣಿಡು' ಎಂಬ ಅರ್ಥದ ಹೆಸರನ್ನು ನಿನಗಿಟ್ಟೆ. ಕಣ್ಣಿಡುವ ಕೆಲಸ ಮಾತ್ರ ನನಗೇ ಬಂತು.

ನಿನ್ನ ಹೆಂಡತಿ ಮಾಜುಂಗುವಿನ ವಿಷಯ ಬರೆಯಬೇಕು. ತವರಿನಲ್ಲಿ ಹೆತ್ತು ಮಗುವಿನೊಡನೆ ಬಂದವಳನ್ನು, "ಹೊಕ್ಕುಳಬಳ್ಳಿ ಎಲ್ಲಿ ಹೂತ್ರಿ?" ಎಂದು ಕೇಳಿದರೆ ತಲೆ ತಗ್ಗಿಸಿದಳು. ತವರಿನ ಅಂಗಳದಲ್ಲೇ ಹೂತಿದ್ದಾರೆ, ಇನ್ನು ಮಗು ಆ ಮನೆಯದೇ ಆಯಿತು, ಇವತ್ತೋ ನಾಳೆಯೋ ಎತ್ತಿಕೊಂಡು ಹೊರಡುತ್ತಾಳೆ ಎಂದುಕೊಂಡೆ. ಊಟ ಸೇರಲಿಲ್ಲ. ಮರುದಿನವೇ ಅವಳು ಕಡಲ ದಿಬ್ಬದಿಂದ ಮೊಣಕಾಲೆತ್ತರದ ತುಂಗುಲು ಗಿಡ ಕಿತ್ತು ತಂದು ಬಾಗಿಲ ಪಕ್ಕದಲ್ಲಿ ನೆಟ್ಟಳು. ದಿಬ್ಬದ ತುಂಬ ತಾನಾಗಿ ಬೆಳೆಯುವ ಮುಳ್ಳನ್ನು ಅಂಗಳಕ್ಕೆ ತರುವವರುಂಟೇ? ಬೇರು ಹಿಡಿಯುವವರೆಗೆ ಮಗು ಮಿಂದ ನೀರು ಹಾಕಿದಳು, ಆಮೇಲೆ ಅದೂ ಇಲ್ಲ. ಚಿಗುರನ್ನು ಆಗಾಗ ಚಿವುಟಿ, ಕೈಗೆ ಗಿಡದ ಹಾಲು ಮೆತ್ತಿಕೊಂಡು, ಗಿಡವನ್ನು ಗುಂಡಗೆ ಇಟ್ಟಳು. ಈ ಬಿಸಿಲಲ್ಲೂ ಹಸಿರೋ ಹಸಿರು, ಮೈತುಂಬ ಬಿಳಿ ಹೂ. ಅದರ ಮುಂದೆ ಕೂತು ಪಿಸುಗುಟ್ಟುವುದು ಬೇರೆ! ಬುಡದಲ್ಲಿ ಮಾಟದ ಮದ್ದು ಹೂತಿದ್ದಾಳೆಂದು ನಾನು ಪಕ್ಕದ ಮನೆಯ ಮಾಶೇಜಿಗೆ ಹೇಳಿದೆ. "ಆ ಗಿಡಕ್ಕೆ ನೀರು ಬೇಡ, ನಿನ್ನ ಅನುಮಾನಕ್ಕೆ ಕಾರಣ ಬೇಡ. ಎರಡೂ ಬರಗಾಲದಲ್ಲೇ ಚೆನ್ನಾಗಿ ಬರ್ತವೆ ಕಣೇ" ಎಂದು ನಕ್ಕಳು. ಕಳೆದುಹೋಗಿದ್ದ ನನ್ನ ನಶ್ಯದ ಡಬ್ಬಿ ಕದ್ದವಳು ಈ ಮಾಶೇಜಿಯೇ ಎಂದು ನಂಬಿದ್ದೆ, ಹಾಗಾಗಿ ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊನ್ನೆ ಸೊಸೆ ನೀರಿಗೆ ಹೋದಾಗ ಗುದ್ದಲಿ ಹಿಡಿದೆ. ಮುಳ್ಳು ಮೊಣಕೈವರೆಗೂ ಗೀರಿತು. ಬುಡದಲ್ಲಿ ಸಿಕ್ಕಿದ್ದು ನನ್ನದೇ ನಶ್ಯದ ಡಬ್ಬಿ. ತೆರೆದರೆ ಬಿಳಿ ಬಟ್ಟೆಯಲ್ಲಿ ಒಣಗಿದ ಹೊಕ್ಕುಳಬಳ್ಳಿ. ಹೂತದ್ದನ್ನು ಅಜ್ಜಿಯಾದ ನಾನೇ ಅಗೆದು ತೆಗೆದಿದ್ದೆ ಮಗನೇ. ಹಿಂದೆ ತಿರುಗಿದರೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ನಿಂತಿದ್ದಳು. "ಅತ್ತೇ, ನಮ್ಮಮ್ಮಂಗೆ ಹೇಳ್ಬೇಡಿ. ಅಲ್ಲೇ ಹೂಳ್ಬೇಕು ಅಂತ ಹಟ ಹಿಡಿದಿದ್ರು. ನಾನು ಕದ್ಕೊಂಡು ಬಂದೆ. ಇವನ ಮನೆ ಇದು ಅಲ್ವಾ?" ಎಂದಳು. ನಾಚಿಕೆಯಿಂದ ಸತ್ತೆ. ಇಬ್ಬರೂ ಸೇರಿ ಮತ್ತೆ ಹೂತು, ಗತಿಸಿದ ಹಿರಿಯರಲ್ಲಿ ಕ್ಷಮೆ ಕೇಳಿದೆವು. ಗಿಡ ಬಾಡಲಿಲ್ಲ. ಮಾಶೇಜಿಗೆ ಮಾತ್ರ ಇನ್ನೂ ಹೇಳಿಲ್ಲ.

ಹಿರಿಯರು ಗಣಿಯ ಆಳದಲ್ಲೂ ನಿನ್ನ ಪಕ್ಕದಲ್ಲಿರಲಿ.

ನಿನ್ನ ಅಮ್ಮ

ಬರೆಯಲು ಮರೆತದ್ದು: ಅವಳು ಗಿಡಕ್ಕೆ ಏನು ಪಿಸುಗುಟ್ಟುತ್ತಾಳೆಂದು ಕೇಳಿದೆ. ಗಿಡಕ್ಕಲ್ಲವಂತೆ, ಮಡಿಲಲ್ಲಿರುವ ಮಗುವಿಗೆ ನೀನು ಯಾವಾಗ ಬರುತ್ತೀಯೆಂದು ಹೇಳುತ್ತಾಳಂತೆ. ಕ್ರಿಸ್‌ಮಸ್‌ಗೆ ಬರಲಿಲ್ಲ, ಕಾರಣವನ್ನೂ ಬರೆಯಲಿಲ್ಲ. ನಿನ್ನ ಹೊಕ್ಕುಳಬಳ್ಳಿಯೂ ಇದೇ ಅಂಗಳದಲ್ಲಿದೆ, ಹೂತವಳು ನಾನೇ. ಅವಳ ಮೇಲಿನ ಅನುಮಾನ ಮುಗಿಯಿತು. ಈಗ ಉಳಿದವನು ನೀನೊಬ್ಬನೇ.