ಅವಲಂಬಿತ ವೃದ್ಧೆಗೆ ಐದು ಅಂಕ

ಜೂನ್ 3, ಮಧ್ಯಾಹ್ನ

ಈ ಮನೆಗೆ ಹಿರಿಯಳು ನಾನು. ಪಕ್ಕದ ಯೂನಿಫಾರಂ ಹೊಲಿಗೆ ಶೆಡ್ಡಿಗೂ ನಾನೇ. ಹನ್ನೆರಡು ಮಿಷನ್, ಹದಿನಾಲ್ಕು ಜನ. ಓದಿದ್ದು ಹೈಸ್ಕೂಲು ಮಾತ್ರ. ಆದರೆ ಬಟ್ಟೆಯ ಥಾನಿಗೆ ಮೊದಲ ಕತ್ತರಿ ಹಾಕುವವಳು ನಾನು. ಮನೆಗೆ ಬರುವ ಕಾಗದ ಯಾರ ಹೆಸರಿಗಿರಲಿ, ಮೊದಲು ಒಡೆಯುವವಳೂ ನಾನು. ಯಜಮಾನರು ಹೋದ ಮೇಲೆ ಇಪ್ಪತ್ತೆರಡು ವರ್ಷ ಹೀಗೇ. ಯಾರ ಮುಂದೂ ಕೈಚಾಚಿಲ್ಲ.

ಬೆಳಿಗ್ಗೆಯೇ ಎರಡನೇ ಸೈಜಿನ ಶರ್ಟು ಎಂಬತ್ತು ಕಟ್ ಆಯಿತು. ಮಗ ಹತ್ತಕ್ಕೆ ಎದ್ದ. ಹೊಸ ಕಾರು ನೋಡಲು ಹೋದನಂತೆ. ಕತ್ತರಿ ಹಿಡಿಯಲು ಬಾರದ ಕೈಗೆ ಸ್ಟಿಯರಿಂಗ್ ಬೇಕು.

ಜೂನ್ 6

ಊಟವಾದ ಮೇಲೆ ಹಿಂದಿನ ತಗಡಿನ ಕೋಣೆಯಲ್ಲಿ ಚಿಂದಿ ಆರಿಸುತ್ತಿದ್ದೆ. ದಿನಾ ಮಾಡುವ ಕೆಲಸ. ಅಂಗೈಯಗಲದ ತುಂಡೂ ಜೇಬಿಗಾಗುತ್ತದೆ. ಧೂಳಿನಲ್ಲಿ ಒಳ್ಳೆ ಬಟ್ಟೆ ಯಾಕೆ ಹಾಳು? ಮೂರು ತೇಪೆಯ ಹಳೆಯದನ್ನೇ ತೊಟ್ಟಿದ್ದೆ. ಮಗ ಯಾರನ್ನೋ ಕರೆತಂದ. ಕೈಯಲ್ಲಿ ಫೈಲು, ಕೊರಳಲ್ಲಿ ಕಾರ್ಡು.

"ಅಜ್ಜಿ, ಇಲ್ಲೇ ಇರೋದಾ?"

"ಇನ್ನೆಲ್ಲಿರಲಿ?"

"ದಿನಕ್ಕೆ ಎಷ್ಟು ಕೊಡ್ತಾರೆ?"

"ನನಗೆ ಕೊಡೋರು ಯಾರಯ್ಯ? ಇಲ್ಲಿ ಎಲ್ಲರಿಗೂ ಕೊಡೋಳೇ ನಾನು."

ಆತ ಮಗನ ಮುಖ ನೋಡಿದ. ಮಗ ಅವನ ಕಿವಿಯಲ್ಲಿ ಏನೋ ಉಸುರಿದ. ಆತ "ಅಯ್ಯೋ ಪಾಪ" ಎಂದು ಬರೆದುಕೊಂಡ. ಒಂದು ಫೋಟೋ ಬೇರೆ. ಹೋದ ಮೇಲೆ ಕೇಳಿದರೆ "ಇನ್ಶೂರೆನ್ಸ್‌ನವರಮ್ಮ" ಅಂದ. ಇನ್ಶೂರೆನ್ಸ್‌ನವನಿಗೆ ನನ್ನ ಮೇಲೇಕೆ ಕನಿಕರ?

ಜೂನ್ 24

ಕಾಜಾದವಳು ಮಗಳನ್ನು ಕರೆದುಕೊಂಡು ಬಂದಳು. ಹದಿನೈದು ವರ್ಷದಿಂದ ನಮ್ಮಲ್ಲಿ ಗುಂಡಿಯ ಕಾಜಾ ಹೊಲಿಯುತ್ತಾಳೆ. ಒಂದು ಎಳೆ ಬಿಟ್ಟಿದ್ದು ನೋಡಿಲ್ಲ.

"ಇವಳನ್ನೂ ಕೆಲಸಕ್ಕೆ ತಗೊಳ್ಳಿ ದೊಡ್ಡಮ್ಮ."

ಆ ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ನನ್ನ ಮೊಮ್ಮಗಳ ಕ್ಲಾಸೇ.

"ಕಾಲೇಜು?"

"ಸ್ಕಾಲರ್‌ಶಿಪ್ ಸಿಗಲಿಲ್ಲ. ಕ್ಲಾಸಿಗೆ ಒಂದೇ ಇರೋದು. ಎರಡು ಅಂಕದಲ್ಲಿ ತಪ್ಪಿತು. ಜುಲೈ ಐದಕ್ಕೆ ಫೀಸಿನ ಕೊನೇ ದಿನ."

"ಓದಿನಲ್ಲಿ ಹಿಂದೆ ಬಿದ್ದೆಯೇನೇ?"

"ಓದಿನಲ್ಲಿ ನಾನೇ ಫಸ್ಟು, ದೊಡ್ಡಮ್ಮ. ಬಡತನದ ಅಂಕ ಸಾಲಲಿಲ್ಲ."

ಬಡತನಕ್ಕೂ ಪರೀಕ್ಷೆ! ಥೂ.

ನಾನೇ ಕಟ್ಟುತ್ತೇನೆ ಅಂದೆ. ಕಾಜಾದವಳು ತಲೆಯಾಡಿಸಿದಳು. "ಬೇಡಮ್ಮ. ಅವಳ ಓದಿಗೆ ಸಿಗಬೇಕಿತ್ತು. ನಿಮ್ಮಿಂದ ತಗೊಂಡ್ರೆ ದಾನ ಆಗುತ್ತೆ." ನನ್ನ ಜಾಯಮಾನದವಳೇ.

ಊಟಕ್ಕೆ ಕೂತಾಗ ಮೊಮ್ಮಗಳನ್ನು ಕೇಳಿದೆ, ಸ್ಕಾಲರ್‌ಶಿಪ್ ಯಾರಿಗೆ ಬಂತೇ ಎಂದು. "ಗೊತ್ತಿಲ್ಲ ಅಜ್ಜಿ." ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಜೂನ್ 27

ಮೊಮ್ಮಗಳ ಹೆಸರಿಗೆ ಲಕೋಟೆ ಬಂತು. ಒಡೆದೆ. ಮೊದಲ ಹಾಳೆ — ಅಭಿನಂದನೆಗಳು. ಎರಡನೆಯದು — ಮನೆ ತಪಾಸಣೆಯ ವರದಿ.

ವಾಸ: ತಗಡಿನ ಒಂದೇ ಕೋಣೆ. ಹತ್ತು ಅಂಕ.
ತಂದೆ: ದಿನಗೂಲಿ. ಹತ್ತು ಅಂಕ.
ಅಜ್ಜಿ: ಚಿಂದಿ ಆಯುವವರು. ಅರಳುಮರಳು. ತಾನೇ ಮಾಲೀಕಳು ಎನ್ನುತ್ತಾರೆ. ಅವಲಂಬಿತ ವೃದ್ಧೆ. ಐದು ಅಂಕ.

ಪಕ್ಕದಲ್ಲಿ ಫೋಟೋ, ಮೂರು ತೇಪೆಯ ನಾನು.

ಕಾಜಾದವಳ ಮಗಳಿಗೆ ತಪ್ಪಿದ್ದು ಎರಡು ಅಂಕದಲ್ಲಿ. ನನ್ನ ಹುಚ್ಚಿಗೆ ಸಿಕ್ಕಿದ್ದು ಐದು. ಹಾಳೆ ಹಿಡಿದ ಕೈಯನ್ನು ಸೋಪು ಹಾಕಿ ತೊಳೆದೆ.

ಮೊಮ್ಮಗಳ ಅರ್ಜಿಯೂ ಇತ್ತು, ಕೆಳಗೆ ಅವಳದೂ ಮಗನದೂ ಸಹಿ. "ಅಜ್ಜಿ ಆರಿಸಿದ ಚಿಂದಿಯಿಂದಲೇ ನಾನು ಇಲ್ಲಿವರೆಗೆ ಓದಿದೆ." ಸುಳ್ಳೂ ಅಲ್ಲ. ಅದಕ್ಕೇ ಹೆಚ್ಚು ಹೇಸಿಗೆ.

ಮೂವರನ್ನೂ ನಿಲ್ಲಿಸಿ ಕೇಳಿದೆ.

ಮಗ: "ಎಲ್ಲರೂ ಮಾಡ್ತಾರಮ್ಮ. ಪುಕ್ಕಟೆ ಬರೋದನ್ನ ಯಾರು ಬಿಡ್ತಾರೆ?"

"ನನ್ನ ಅರಳುಮರಳೂ ಪುಕ್ಕಟೆಯೇನೋ?"

"ನೀನು ಹಾಗೆ ಮಾತಾಡಿಬಿಟ್ಟೆ. ನಾನೇನು ಮಾಡಲಿ? ಬಾಯಿಗೆ ಬಂದಿದ್ದು ಹೇಳ್ದೆ."

ಸೊಸೆ: "ಈಗ ಬಾಯಿಬಿಟ್ಟರೆ ಮಗಳ ಹೆಸರು ನೋಟಿಸ್ ಬೋರ್ಡಿಗೆ ಹಾಕ್ತಾರೆ ಅತ್ತೆ. ಮರ್ಯಾದೆ ಹೋಗುತ್ತೆ."

"ಅದು ಹೋಗಿ ಆಯ್ತು. ಬೋರ್ಡಿಗೆ ಈಗ ಬರುತ್ತೆ, ಅಷ್ಟೆ."

ಮೊಮ್ಮಗಳು ಅತ್ತಳು. "ನಾನು ಕ್ಲಾಸಲ್ಲಿ ಅವಳ ಪಕ್ಕದಲ್ಲೇ ಕೂತ್ಕೋತೀನಿ ಅಜ್ಜಿ..."

"ಪಕ್ಕದಲ್ಲಿ ಕೂತೇ ಬರೆದೆಯಲ್ಲ."

ಜುಲೈ 4, ಸಂಜೆ

ಒಂದು ವಾರ ಬರೆಯಲಿಲ್ಲ. ಮೊಮ್ಮಗಳೇ ಹೋಗಿ ಹೇಳಲಿ ಎಂದು ಕಾದೆ. ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಒಳ್ಳೆಯ ಬಟ್ಟೆ ತೊಟ್ಟೆ. ಟೇಪು ಚೀಲಕ್ಕೆ ಹಾಕಿಕೊಂಡೆ. ಸ್ಕಾಲರ್‌ಶಿಪ್ ಆಫೀಸಿಗೆ ನಾನೇ ಹೋದೆ. ಅದೇ ಕೊರಳ ಕಾರ್ಡಿನವನು. ಗುರುತು ಹಿಡಿದ. ಮಗುವನ್ನು ಮಾತಾಡಿಸುವ ದನಿ ತೆಗೆದ.

"ಅಜ್ಜೀ... ಯಾರ ಜೊತೆ ಬಂದ್ರಿ? ದಾರಿ ತಪ್ಪಿತಾ?"

"ನಿನ್ನ ಎದೆ ನಲವತ್ತೆರಡು. ತೊಟ್ಟಿರೋದು ನಲವತ್ತರ ಶರ್ಟು. ಎಡ ಹೆಗಲು ಅರ್ಧ ಇಂಚು ತಗ್ಗು. ತಗೋ ಟೇಪು, ಅಳೆಸಿಕೋ."

ಪಕ್ಕದ ಟೈಪಿಸ್ಟ್ ಹುಡುಗಿ ನಗುತ್ತಾ ಎದ್ದು ಅಳೆದೇ ಬಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಈಗ ಬರ್ಕೋ. ಅರಳುಮರಳು ಯಾರಿಗೆ? ಶೆಡ್ಡಿನ ಲೈಸೆನ್ಸು ಇಲ್ಲಿದೆ. ಹೆಸರು ಓದು."

ಓದಿದ. ಬೆವರಿದ. "ಆದ್ರೆ ಅಮ್ಮಾ, ಬೇಡ ಅನ್ನೋಕೆ ನಮ್ಮಲ್ಲಿ ಫಾರಂ ಇಲ್ಲ. ಇಲ್ಲಿವರೆಗೆ ಯಾರೂ ಬೇಡ ಅಂದಿಲ್ಲ."

"ಬಿಳಿ ಹಾಳೆ ಇದೆಯಾ?"

ಬರೆದುಕೊಟ್ಟೆ. ಸಹಿಯ ಕೆಳಗೆ "ಮಾಲೀಕಳು" ಎಂದು ಬರೆದು ಎರಡು ಗೆರೆ ಎಳೆದೆ. ಕಾಜಾದವಳ ಮಗಳ ಹೆಸರು ಮೇಲೆ ಬಂದು ಸೀಲು ಬೀಳುವವರೆಗೆ ಕುರ್ಚಿಯಿಂದ ಏಳಲಿಲ್ಲ. ಮೊಮ್ಮಗಳ ಹೆಸರು ಬೋರ್ಡಿಗೆ ಹೋಯಿತು. ಓದಿಯೇ ಬಂದೆ.

ಮನೆಗೆ ಬಂದು ಇನ್ನೊಂದು ಕೆಲಸ ಮುಗಿಸಿದೆ. ತಗಡಿನ ಒಂದೇ ಕೋಣೆ ಎಂದು ಮಗ ಸಹಿ ಹಾಕಿದ್ದಾನಲ್ಲ. ಸಹಿ ಸುಳ್ಳಾಗಬಾರದು. ಅವನ ಹಾಸಿಗೆ, ಸೂಟ್‌ಕೇಸು ಅಲ್ಲಿಗೆ ಹಾಕಿಸಿದೆ. ಮುಂಬಾಗಿಲಿಗೆ ಹೊಸ ಬೀಗ. ಮೊಮ್ಮಗಳಿಗೆ ಹೋಗೆಂದು ಹೇಳಿರಲಿಲ್ಲ. ತಾನೇ ದಿಂಬು ಎತ್ತಿಕೊಂಡಳು.

"ನಾನೂ ಸಹಿ ಹಾಕಿದೀನಿ ಅಜ್ಜಿ."

ತಡೆಯಬೇಕೆನ್ನಿಸಿತು. ತಡೆಯಲಿಲ್ಲ.

ಹೊರಗೆ ಕಾರಿನ ಸದ್ದು. ಹೊಸದಿರಬೇಕು. ಬೀಗದಲ್ಲಿ ಹಳೆಯ ಕೀ ತಿರುಗಿಸುತ್ತಿದ್ದಾನೆ... "ಅಮ್ಮಾ!" ಕೂಗಲಿ. ಅರಳುಮರಳಿನವಳಿಗೆ ಕಿವಿಯೂ ಕೇಳಿಸುವುದಿಲ್ಲ. ನಾಳೆ ಮೂರನೇ ಸೈಜು ಕಟ್ ಮಾಡಬೇಕು, ಕಾಲರಿಗೆ —