ಮನೆದೇವರ ಹೆಸರಿನ ವೈಫೈ

ಶಿವನಿ
18 ಆಗಸ್ಟ್ 2024, ಭಾನುವಾರ

ಚಿರಂಜೀವಿ ಗಾನವಿಗೆ,

ಅಮ್ಮನ ಆಶೀರ್ವಾದಗಳು. ನಾನು, ನಿಮ್ಮಪ್ಪ, ಹಸು, ಅದರ ಹೊಸ ಕರು ಎಲ್ಲರೂ ಆರೋಗ್ಯವಾಗಿದ್ದೇವೆ. ಕಡೂರಿನ ಆ ಶೀಟು ಮನೆಯ ಸೆಕೆಯಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಂಡುಕೊಂಡು ಇದ್ದೀಯ ಎಂದುಕೊಂಡಿದ್ದೇನೆ. ಯುಗಾದಿ ಕಳೆದ ಕೂಡಲೇ ಬರೆಯಬೇಕಿದ್ದ ಕಾಗದವನ್ನು ಶ್ರಾವಣದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ನಿಮ್ಮಪ್ಪನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತೀಯ. ಅದಕ್ಕೇ ಅಂಚೆ. ಅಜ್ಜಂಪುರದ ಅಂಗಡಿಯಲ್ಲಿ ದಿನವಿಡೀ ಊರವರ ಅರ್ಜಿ ಟೈಪು ಮಾಡುವವಳು ನಾನು, ಆದರೂ ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡರೆ ಹರಿದು ಎಸೆಯುವ ಮುಂಚೆ ಒಂದು ಸಾಲಾದರೂ ಓದುತ್ತೀಯ ಎಂಬ ಆಸೆ.

ಆ ಒಂದು ಸಾಲು ಇದು: ನಿನ್ನ ವಿಡಿಯೋ ಕಳಿಸಿದ್ದು ನಾನಲ್ಲ. ನಿನ್ನ ಚಿಕ್ಕಪ್ಪ ಹೊನ್ನೇಶ.

ಹರಿಯದೆ ಇಲ್ಲಿಗೆ ಬಂದಿದ್ದರೆ ಮುಂದಕ್ಕೆ ಓದು. ಯುಗಾದಿಗೆ ನಿನ್ನನ್ನು ಬೈಕಿನಲ್ಲಿ ಬಿಡಲು ವಿಜಯ್ ಬಂದಿದ್ದ. ನಿನ್ನ ಕಾಲೇಜಿನಲ್ಲೇ ಪಾಠ ಮಾಡುವ ಹುಡುಗ ಎಂಬುದಷ್ಟೇ ನನಗೆ ಗೊತ್ತಿತ್ತು. ನಾನು, ನಿಮ್ಮಪ್ಪ ಇಬ್ಬರೂ ತೋಟದಲ್ಲಿದ್ದೆವು. ನಿಮ್ಮಿಬ್ಬರ ಮದುವೆಯ ಮಾತನ್ನು ನಮಗೆ ಹೇಗೆ ಹೇಳುವುದೋ ಎಂಬ ದಿಗಿಲಿಗೆ ನೀನು ಜಗಲಿಯಲ್ಲಿ ಅವನ ಹೆಗಲಿಗೆ ತಲೆಯಿಟ್ಟು ಅತ್ತೆ. ಮಾರನೆಯ ದಿನ ಅದೇ ದೃಶ್ಯ ಯಾವುದೋ ಗುರುತಿಲ್ಲದ ನಂಬರಿನಿಂದ ನೆಂಟರ ಫೋನಿಗೆಲ್ಲ ಬಂತು. ಅಮೃತಾಪುರದಲ್ಲಿ ವಿಜಯ್ ತಾಯಿಗೂ ಹೋಯಿತು. ಆಕೆ ಊಟ ಬಿಟ್ಟು ಕೂತರಂತೆ, ಅವನು ಹಿಂದೆ ಸರಿದ. ತೆಂಗಿನಕಾಯಿ ಕಳುವಾದಾಗ ಹಾಕಿಸಿದ ಜಗಲಿಯ ಕ್ಯಾಮೆರಾ ಅದು, ಅದನ್ನು ನೋಡುವ ಆ್ಯಪ್ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ನೀನು ಲೆಕ್ಕದ ಮೇಡಂ, ನಿನಗೆ ಲೆಕ್ಕ ತಾಳೆಯಾಯಿತು. ಬ್ಯಾಗು ತುಂಬಿಕೊಂಡು ಹೊರಟೆ.

ಆವತ್ತೇ ಕಡೂರಿಗೆ ಓಡಿಬಂದು ಆಣೆ ಮಾಡಬಹುದಿತ್ತು. ಬರೀ ಬಾಯಿಮಾತು ಹಿಡಿದುಕೊಂಡು ನಿನ್ನ ಮುಂದೆ ನಿಲ್ಲಬಾರದು ಅನ್ನಿಸಿತು. ಕಳ್ಳನನ್ನು ಹಿಡಿಯಬೇಕು, ಹಿಡಿದು ಅವನ ಮರ್ಯಾದೆಯನ್ನೂ ಬೀದಿಗೆ ತರಬೇಕು, ಆಮೇಲೆ ನಿನಗೆ ಬರೆಯಬೇಕು. ಅಷ್ಟು ತೀರ್ಮಾನ ಮಾಡಿಕೊಂಡ ಮೇಲೆ ನನಗೆ ಹಸಿವು ನಿದ್ದೆ ಎಲ್ಲ ಸರಿಹೋಯಿತು ನೋಡು.

ಹೊನ್ನೇಶನ ಮೇಲೆ ಅನುಮಾನ ಮೊದಲಿನಿಂದ ಇತ್ತು. ಅವನ ಹೆಂಡತಿ ನಿಶ್ಚಿತಾಳ ತಮ್ಮನಿಗೆ ನಿನ್ನನ್ನು ಕೇಳಿದ್ದರಲ್ಲ, ನೀನು ಒಲ್ಲೆ ಅಂದಿದ್ದೆಯಲ್ಲ, ಆಗಿನಿಂದ ಅವನು ನನ್ನ ಮುಖ ನೋಡಿ ಮಾತಾಡಿದ್ದಿಲ್ಲ. ಆದರೆ ಅವನ ಕೈಗೆ ನಮ್ಮ ಕ್ಯಾಮೆರಾ ಸಿಕ್ಕಿದ್ದು ಹೇಗೆ? ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು, ಬಾವಿ ಮಾತ್ರ ಜಂಟಿ ಉಳಿಯಿತು ಎಂದು ನಾನು ತಿಳಿದಿದ್ದೆ. ಇಂಟರ್ನೆಟ್ಟೂ ಜಂಟಿಯಾಗಿಯೇ ಉಳಿದಿತ್ತು. ನಮ್ಮ ಒಕ್ಕಲಿನವರ ಬುದ್ಧಿ ನಿನಗೆ ಗೊತ್ತು. ಯಾರ ಮನೆಗೆ ಹೋದರೂ ವೈಫೈ ಪಾಸ್‌ವರ್ಡಿಗೆ ಮನೆದೇವರ ಹೆಸರು, ಅದರ ಬಾಲಕ್ಕೆ ಒಂದು ಎರಡು ಮೂರು. ಅಂತರಘಟ್ಟಮ್ಮ ಕಾಯುತ್ತಾಳೆ ಎಂದು ನಮ್ಮದಕ್ಕೂ ಅದೇ. ದೇವನೂರಿನಿಂದ ಬರುವ ನೆಂಟರು ಕೂಡ ಪಾಸ್‌ವರ್ಡ್ ಏನೆಂದು ಕೇಳುವುದಿಲ್ಲ, ಚಪ್ಪಲಿ ಬಿಡುವುದರೊಳಗೆ ಹಾಕಿಕೊಂಡಿರುತ್ತಾರೆ. ಹೊನ್ನೇಶನೂ ಗೋಡೆಯಾಚೆ ಕೂತು ಅದನ್ನೇ ಮಾಡಿದ್ದ. ಒಳಗೆ ಬಂದವನಿಗೆ ಕ್ಯಾಮೆರಾ ತೆರೆಯುವುದು ಏನು ಮಹಾ, ಅದಕ್ಕೆ ಅಂಗಡಿಯಿಂದ ತಂದಾಗ ಇದ್ದ ಪಾಸ್‌ವರ್ಡೇ ಇತ್ತು.

ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರನ್ನು ಮನೆಗೆ ತಂದೆ. ಒರೆಸಿ, ಅದಕ್ಕೆ ಬಿಟ್ಟಿಯಾಗಿ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಟ್ಟೆ. ಹೊರಗಿನಿಂದ ಬರುವ ವೈರು ಇನ್ನು ಮೇಲೆ ಮೊದಲು ಅದಕ್ಕೇ ಬರಬೇಕು, ಅದು ಬಿಟ್ಟರೆ ಮಾತ್ರ ಯಾವ ಫೋನಿಗಾದರೂ ಇಂಟರ್ನೆಟ್. ತೋಟದ ಗೇಟ್‌ವಾಲ್ವ್ ಇದ್ದ ಹಾಗೆ, ಯಾವ ಸಾಲಿಗೆ ನೀರು ಬಿಡಬೇಕು, ಯಾವುದಕ್ಕೆ ಕಟ್ಟಬೇಕು ಎನ್ನುವುದು ನನ್ನ ಕೈಯಲ್ಲಿ. ವಿಡಿಯೋಗಳನ್ನು ನೋಡಿ ನೋಡಿ ಕಲಿತೆ. ಮೊದಲ ಸಲ ಎಲ್ಲರನ್ನೂ ತಡೆ ಎಂದು ಬರೆದದ್ದಕ್ಕೆ ಅದು ಮೊದಲು ನನ್ನನ್ನೇ ತಡೆಯಿತು. ನಿಮ್ಮಪ್ಪ ಫೋನು ಹಿಡಿದುಕೊಂಡು ಅಂಗಳದಲ್ಲಿ ಸುತ್ತುತ್ತಾ, "ಕೊಬ್ರಿ ರೇಟ್ ನೋಡಾಕೂ ಬಿಡಲ್ವಲ್ಲೇ, ಇದೇನ್ ಸರ್ಕಾರ ನಡುಸ್ತಿದೀಯಾ ನೀನು?" ಅಂತ ಗೊಣಗಿದರು.

ತರೀಕೆರೆಯಲ್ಲಿ ಕೊಂಡ ವೈಫೈ ಕಾರ್ಡು ಬೇರೆ ಕೈಕೊಟ್ಟಿತು. ಅದು ಇನ್ನೊಂದು ವೈಫೈಗೆ ಸೇರಿಕೊಳ್ಳುತ್ತದೆಯೇ ಹೊರತು ತಾನೇ ವೈಫೈ ಕೊಡುವುದಿಲ್ಲ. ಬೇರೆ ಕಾರ್ಡು ಹುಡುಕಿಕೊಂಡು ಕಡೂರಿಗೆ ಬಂದೆ. ಸಿಕ್ಕಿತು. ಬಂದವಳು ನಿನ್ನ ಕಾಲೇಜಿನ ಎದುರು ಜ್ಯೂಸ್ ಅಂಗಡಿಯಲ್ಲಿ ಕೂತಿದ್ದೆ. ನೀನು ಹಸಿರು ಸೀರೆ ಉಟ್ಟಿದ್ದೆ, ಸೊರಗಿದ್ದೆ. ಕೂಗಲಿಲ್ಲ. ಜ್ಯೂಸು ಕುಡಿಯದೆ ಎದ್ದುಬಂದೆ. ಬರುವಾಗ ರೈಲಿನಲ್ಲಿ ಹೊನ್ನೇಶನಿಗೆ ಏನೇನು ಮಾಡಬೇಕು ಎಂದು ಶಿವನಿ ಬರುವವರೆಗೂ ಯೋಚಿಸಿದೆ. ಅಳು ಬರದಿರಲು ಅದೊಂದೇ ದಾರಿಯಾಗಿತ್ತು.

ಕೆಲಸ ಮುಗಿದಾಗ ಮನೆಗೆ ಎರಡು ವೈಫೈ ಆಗಿದ್ದವು. ಒಂದು ನಮ್ಮದು, ಹೊಸ ಹೆಸರು, ಹೊಸ ಪಾಸ್‌ವರ್ಡ್. ಇನ್ನೊಂದಕ್ಕೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಅದೇ ಅಂತರಘಟ್ಟಮ್ಮ ಒಂದು ಎರಡು ಮೂರು. ಅದು ಹೊನ್ನೇಶನಿಗೆ ಇಟ್ಟ ಬೋನು. ಅದರಲ್ಲಿ ಬಂದವನಿಗೆ ಜಗಲಿಯ ಕ್ಯಾಮೆರಾ ಮೊದಲಿನಂತೆಯೇ ಕಾಣುತ್ತದೆ, ಮನೆಯ ಬೇರೆ ಏನೂ ಸಿಗುವುದಿಲ್ಲ. ಕ್ಯಾಮೆರಾ ನೋಡಿದ್ದು ಕೇಳಿದ್ದೆಲ್ಲ ಈಗ ನನ್ನ ಕಂಪ್ಯೂಟರಿನಲ್ಲೂ ಉಳಿಯುತ್ತದೆ, ಅದು ಅವನಿಗೆ ಗೊತ್ತಿರಲಿಲ್ಲ.

"ನನ್ ತಮ್ಮ ಹಂಗೆಲ್ಲ ಮಾಡೋನಲ್ಲ ಕಣೇ," ಅನ್ನುತ್ತಿದ್ದರು ನಿಮ್ಮಪ್ಪ. "ಹಂಗಾದ್ರೆ ಒಂದಿನ ನಾನ್ ಹೇಳ್ದಂಗೆ ಮಾಡಿ," ಅಂದೆ. ಇಬ್ಬರೂ ಕ್ಯಾಮೆರಾದ ಕೆಳಗೆ ಕೂತೆವು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಿಮ್ಮಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವಂತೆ ನಿಧಾನ ದನಿಯಲ್ಲಿ, "ಮೇಲ್ತೋಟನ ಗಾನವಿ ಹೆಸ್ರಿಗೆ ಖಾತೆ ಮಾಡುಸ್ಬುಡಾನ ಅಂತಿದೀನಿ," ಅಂದರು. "ಮಾಡ್ಸಿ, ಯಾರ್ಗೂ ಹೇಳ್ಬ್ಯಾಡಿ," ಅಂದೆ ನಾನು. ಅಷ್ಟೇ ನಮ್ಮ ನಾಟಕ.

ಮಾರನೆಯ ಬೆಳಿಗ್ಗೆ ಹೊನ್ನೇಶ ಜಗಲಿಗೆ ಹತ್ತಿದ. ಹಲ್ಲುಜ್ಜುತ್ತಿದ್ದವನು ಬಾಯಿ ತೊಳೆಯುವಷ್ಟೂ ಪುರುಸೊತ್ತಿಲ್ಲದೆ ಬಂದಿದ್ದ.

"ಏನಣ್ಣಾ, ಮೇಲ್ತೋಟ ಮಗಳ ಹೆಸ್ರಿಗಂತೆ? ನಾವೇನ್ ಸತ್ತೋಗಿದೀವಾ?"

"ಯಾರೋ ನಿಂಗೇಳಿದ್ದು?" ಅಂದರು ನಿಮ್ಮಪ್ಪ.

"ಯಾರ್ ಹೇಳ್ಬೇಕು? ಇಲ್ಲೇ ಕುಂತ್ಕಂಡು ಮಾತಾಡಿದ್ನ ನಾನೇ ಕೇಳಿಸ್ಕಂಡೆ. ಇದಿರೋದು ಮತ್ಯಾಕೆ?" ಅಂತ ಬ್ರಷ್ಷಿನಲ್ಲೇ ಕ್ಯಾಮೆರಾ ತೋರಿಸಿದ.

ನಾನು ಮೆತ್ತಗೆ ಕೇಳಿದೆ. "ಹಂಗಾದ್ರೆ ಗಾನವಿ ವಿಡಿಯೋ ಕಳ್ಸಿದ್ದೂ ನೀನೇನಪ್ಪಾ?"

"ಹೂಂ, ನಾನೇ. ಏನೀಗ? ನನ್ ಬಾಮೈದ ಬ್ಯಾಡಾಗಿದ್ದ, ಯಾವನೋ ದಾರೀಲೋಗೋನು ಬೇಕಾದ್ನಾ? ನಾಕ್ ಜನ ನೋಡ್ಲಿ ಅಂತ್ಲೇ ಕಳ್ಸಿದ್ದು."

ನಿಮ್ಮಪ್ಪ ಎದ್ದು ಅವನ ಕೆನ್ನೆಗೆ ಬಾರಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಕೈ ಎತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆಮೇಲೆ ಒಳಗೆ ಹೋಗಿ ಮಲಗಿಬಿಟ್ಟರು. ನಾನು ಮಲಗಲಿಲ್ಲ, ನನ್ನ ಕೆಲಸ ಆಗಷ್ಟೇ ಶುರುವಾಗಿತ್ತು.

ಮೊನ್ನೆ ಅವನ ಮಗನಿಗೆ ಕಿವಿ ಚುಚ್ಚಿಸುವ ಶಾಸ್ತ್ರ ಇತ್ತು. ಒಕ್ಕಲಿನವರೆಲ್ಲ ಬಂದಿದ್ದರು, ಅವರೆದುರು ಬಿಡಲಾಗದೆ ನಮ್ಮನ್ನೂ ಕರೆದಿದ್ದರು. ಅವನ ದಪ್ಪ ಗೋಡೆಯ ನಡುಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಬಂದವರೆಲ್ಲ ಎಂದಿನಂತೆ ಮನೆದೇವರನ್ನು ನೆನೆದು ವೈಫೈಗೆ ಸೇರಿಕೊಂಡರು. ಹಳೆಯ ವೈಫೈಗೆ ಹಿಂದಿನ ದಿನವೇ ಒಂದು ಪುಟ ಜೋಡಿಸಿ, ಹೊನ್ನೇಶನ ಮನೆಯ ಫೋನುಗಳಿಗೆ ಮಾತ್ರ ಅದು ಕಾಣದಂತೆ ಮಾಡಿದ್ದೆ. ರೈಲ್ವೆ ಸ್ಟೇಷನ್ನಿನ ವೈಫೈನಲ್ಲಿ ಮೊದಲು ನಂಬರ್ ಕೇಳುವ ಪುಟ ಬರುವುದಿಲ್ಲವೇ, ಹಾಗೆ. ಇದರಲ್ಲಿ "ಮೊದಲು ಇದನ್ನು ನೋಡಿ, ಆಮೇಲೆ ಇಂಟರ್ನೆಟ್" ಎಂದು ಬರೆದು, ಕೆಳಗೆ ಹೊನ್ನೇಶ ಜಗಲಿಯಲ್ಲಿ ನಿಂತು ಆಡಿದ ಮಾತು ಪೂರ್ತಿ. ನಿನ್ನ ಮುಖ ಅದರಲ್ಲಿ ಎಲ್ಲೂ ಇಲ್ಲ, ಹೆದರಬೇಡ.

ದೇವನೂರಿನ ಲಕ್ಕಣ್ಣ ಮಾವನಿಗೆ ಕಿವಿ ಮಂದ, ಫೋನಿನ ಸೌಂಡು ಯಾವಾಗಲೂ ತುದಿಯಲ್ಲಿರುತ್ತದೆ. ಎಲೆ ಮುಂದೆ ಕೂತು ಒತ್ತಿದರು ನೋಡು, "ಹೂಂ, ನಾನೇ, ಏನೀಗ?" ಎಂದು ಹೊನ್ನೇಶನ ದನಿ ಪಂಕ್ತಿಯ ಆ ತುದಿಯವರೆಗೂ ಕೇಳಿಸಿತು. "ಲೇ ಹೊನ್ನೇಶ, ಇದೇನ್ಲಾ ಬಾಯ್ತುಂಬ ನೊರೆ ಮಡಿಕ್ಕಂಡು ಒದರ್ತಿದೀಯಾ?" ಅಂತ ಮತ್ತೆ ಒತ್ತಿದರು. ಅಷ್ಟರಲ್ಲಿ ಪಕ್ಕದ ಫೋನು, ಅದರ ಪಕ್ಕದ ಫೋನು. ಹೋಳಿಗೆ ಬಡಿಸುತ್ತಿದ್ದ ಹೊನ್ನೇಶ ತಟ್ಟೆ ಹಿಡಿದುಕೊಂಡೇ ನಿಂತ, ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನಾನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ತುಪ್ಪವನ್ನೂ ಕೇಳಿದೆ.

ಹಿರಿಯರು ಉಂಡು ಎದ್ದವರು ಎಲೆಅಡಿಕೆ ಮುಟ್ಟದೆ ಹೊರಟುಹೋದರು. ನಿಶ್ಚಿತಾ ತಾಂಬೂಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ನನಗೆ ಖುಷಿಯಾಯಿತು, ನಿನ್ನ ಹತ್ತಿರ ಸುಳ್ಳು ಯಾಕೆ? ಮಗುವಿನ ಶಾಸ್ತ್ರ ಕೆಡಿಸಿದಳು ಎಂದು ಒಂದಿಬ್ಬರು ಹೆಂಗಸರು ಅಂದರಂತೆ. ನಿನ್ನ ಬದುಕು ಕೆಡಿಸಿದಾಗ ಆ ವಿಡಿಯೋವನ್ನು ನೋಡಿ, ಇನ್ನೊಬ್ಬರಿಗೂ ದಾಟಿಸಿದವರು ಅವರೇ. ಅವರೂ ಸ್ವಲ್ಪ ಉರಿದುಕೊಳ್ಳಲಿ.

ಸಂಜೆ ಹೊನ್ನೇಶ ಬಂದ. "ಅತ್ಗೆ, ತಪ್ಪಾಯ್ತು, ಕಾಲಿಗ್ ಬೀಳ್ತೀನಿ, ಅದನ್ನ ತೆಗ್ದುಬುಡಿ," ಅಂದ. "ನನ್ ಕಾಲ್ಯಾಕಪ್ಪಾ, ಕಡೂರಿಗ್ ಹೋಗು, ಗಾನವಿ ಕಾಲಿಗ್ ಬಿದ್ದು ಬಾ," ಅಂದೆ. ತಲೆ ಬಗ್ಗಿಸಿಕೊಂಡು ಹೋದ. ಅವನು ಬಂದರೆ ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ಬರುವವರೆಗೆ ಆ ಪುಟ ಅಲ್ಲೇ ಇರುತ್ತದೆ, ದೀಪಾವಳಿಗೆ ಬರುವ ನೆಂಟರೂ ನೋಡಲಿ. ವಿಜಯ್ ತಾಯಿಗೂ ಅದು ತಲುಪಿದೆಯಂತೆ. ಅವನು ಮತ್ತೆ ನಿನ್ನ ಹತ್ತಿರ ಮಾತಾಡಲು ಬರಬಹುದು. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಅಷ್ಟು ಬೇಗ ಕೈ ಬಿಟ್ಟವನನ್ನು ಸ್ವಲ್ಪ ಕಾಯಿಸು ಅನ್ನುವುದು ಮಾತ್ರ ನನ್ನ ಆಸೆ.

ನಿಮ್ಮಪ್ಪ ಎಳನೀರು ಇಳಿಸಿದ್ದಾರೆ, ಕಡೂರಿನ ಕಡೆ ಹೋಗುವವರು ಸಿಕ್ಕಿದರೆ ಕಳಿಸುತ್ತಾರಂತೆ. ಬಿಸಿಲಲ್ಲಿ ಬರಿ ತಲೆಯಲ್ಲಿ ಓಡಾಡಬೇಡ. ಅಂತರಘಟ್ಟಮ್ಮ ನಿನಗೆ ಗಟ್ಟಿ ಮನಸ್ಸು ಕೊಡಲಿ, ನಿನಗೆ ಕೇಡು ಬಗೆದವರ ಕಣ್ಣೆದುರೇ ನೀನು ನಗುನಗುತ್ತಾ ಬಾಳುವಂತಾಗಲಿ.

ಇಂತಿ ನಿನ್ನ ಅಮ್ಮ,
ಮಲ್ಲಿಕಾಂಬ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಹೊನ್ನೇಶನ ಮೇಲಿನ ಸೇಡು ತೀರಿತು, ಆದರೆ ಎದೆಯ ಉರಿ ಇಳಿದಿಲ್ಲ ಕಣೇ. ಅದು ಅವನ ಮೇಲಿನದಲ್ಲ ಎಂದು ಹೋಳಿಗೆ ತಿನ್ನುವಾಗಲೇ ಗೊತ್ತಾಗಿತ್ತು. ಅವನಂಥವನನ್ನೂ ನಾನು "ಕಳ್ಸಿದ್ದು ನೀನೇನಾ?" ಎಂದು ಒಂದು ಮಾತು ಕೇಳಿದೆ. ನೀನು ನನ್ನನ್ನು ಕೇಳಲಿಲ್ಲ. ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟು ಹೋದೆ. ಈಗ ನಮ್ಮ ವೈಫೈಗೆ ಇಟ್ಟಿರುವ ಪಾಸ್‌ವರ್ಡ್ ಯಾವ ದೇವರದ್ದೂ ಅಲ್ಲ, ಯಾರೂ ಊಹಿಸಲಾರರು. ನಿಮ್ಮಪ್ಪನ ಫೋನನ್ನು ಸೇರಿಸಿದ್ದೇನೆ, ನಿನ್ನದನ್ನು ಸೇರಿಸಿಲ್ಲ. ಬೇಕೆಂದೇ ಸೇರಿಸಿಲ್ಲ. ಕಾಗದದಲ್ಲಿ ಬರೆಯುವುದಿಲ್ಲ, ಅಪ್ಪನ ಕೈಲಿ ಹೇಳಿ ಕಳಿಸುವುದೂ ಇಲ್ಲ. ಮನೆಗೆ ಬಂದು, ನನ್ನ ಮುಖ ನೋಡಿ, ನೀನೇ ಬಾಯಿಬಿಟ್ಟು ಕೇಳಬೇಕು.